ಚಾವಡಿಯಲ್ಲಿ ಕಳೆದ ಒಂದು ಇರುಳು: ನಳೋಪಾಖ್ಯಾನದ ಒಂದು ಸಂದರ್ಭ

ನಳದಮಯಂತಿಯರ ಕಥೆಯನ್ನು ಕೇಳದ ಕನ್ನಡ ಮನೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಇರಲಾರದು. ಹಂಸ, ಸ್ವಯಂವರ, ಜೂಜು, ಕಾಡು, ಕಾರ್ಕೋಟಕ, ಪುನರ್ಮಿಲನ ಎಂಬ ಕ್ರಮದಲ್ಲಿ ಅಜ್ಜಿಯರು ಇದನ್ನು ಹೇಳಿದ್ದಾರೆ, ಕೀರ್ತನಕಾರರು ಹಾಡಿದ್ದಾರೆ, ನಾವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿದ್ದೇವೆ. ಆದರೆ ಹೀಗೆ ಹೇಳುವಾಗ ಜೂಜಿಗೂ ಕಾಡಿಗೂ ನಡುವೆ ಇರುವ ಒಂದು ಕಟ್ಟಡ ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ನಳನು ಹೆಂಡತಿಯನ್ನು ಬಿಟ್ಟುಹೋದದ್ದು ಕಾಡಿನಲ್ಲಿ, ಮರದ ಬುಡದಲ್ಲಿ ಎಂದೇ ನಮ್ಮಲ್ಲಿ ಹೆಚ್ಚಿನವರ ಗ್ರಹಿಕೆ. ವ್ಯಾಸಭಾರತದ ವನಪರ್ವವನ್ನು ತೆರೆದು ನೋಡಿದರೆ ಆ ದಂಪತಿಗಳು ಅಂದು ಸಂಜೆ ಬಂದು ಸೇರಿದ್ದು ಒಂದು ‘ಸಭೆ’ಗೆ. ದಾರಿಹೋಕರು ತಂಗುವ ಸಾರ್ವಜನಿಕ ಬಿಡಾರವದು. ಅಲ್ಲಿ ಅವರು ಒಟ್ಟಿಗೆ ಇದ್ದದ್ದು ಒಂದು ಇರುಳೂ ಪೂರ್ತಿಯಾಗಿ ಅಲ್ಲ. ಆ ಅಲ್ಪಕಾಲದ ವಾಸ್ತವ್ಯವೇ ಈ ಲೇಖನದ ವಿಷಯ.

ಮೊದಲು ಪದದ ಮಾತು. ಸಂಸ್ಕೃತದಲ್ಲಿ ‘ಸಭಾ’ ಎಂದರೆ ಜನ ಕೂಡುವ ಸ್ಥಳ, ರಾಜನ ಆಸ್ಥಾನ, ಜೂಜಿನ ಮನೆ, ಜತೆಗೆ ಪಯಣಿಗರ ತಂಗುದಾಣವೂ ಹೌದು. ರಾಜನ ಗೂಢಚಾರರು ಕಣ್ಣಿಡಬೇಕಾದ ಸ್ಥಳಗಳನ್ನು ಎಣಿಸುವ ಮನುಸ್ಮೃತಿಯು ಸಭೆಯನ್ನೂ ಅರವಟ್ಟಿಗೆಯನ್ನೂ ಭಕ್ಷ್ಯದ ಅಂಗಡಿಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅಂದರೆ ಯಾರು ಬೇಕಾದರೂ ಬಂದು ಹೋಗುವ, ಯಾರು ಎಂದು ಯಾರೂ ಕೇಳದ ಸ್ಥಳ. ಇದನ್ನು ಕನ್ನಡಿಸುವಾಗ ‘ಛತ್ರ’ ಎಂದೋ ‘ಧರ್ಮಶಾಲೆ’ ಎಂದೋ ಬರೆಯುವುದು ಸುಲಭ. ನಮಗೆ ಅದು ಸಮ್ಮತವಲ್ಲ. ಛತ್ರವೆಂದರೆ ಅಲ್ಲೊಬ್ಬ ಪಾರುಪತ್ಯಗಾರ, ಒಂದು ಒಲೆ, ಒಂದು ಹೊತ್ತಿನ ಅನ್ನ. ಧರ್ಮಶಾಲೆಯೆಂದರೆ ಕಟ್ಟಿಸಿದ ಪುಣ್ಯಾತ್ಮನ ಹೆಸರು ಬಾಗಿಲ ಮೇಲೆ. ನಳದಮಯಂತಿಯರು ಬಂದ ಸಭೆಯಲ್ಲಿ ಇವು ಯಾವುವೂ ಕಾಣಿಸುವುದಿಲ್ಲ. ಹಾಸಲು ಚಾಪೆ ಸಹ ಇಲ್ಲದೆ ಮಾಸಿದ, ಧೂಳು ಮೆತ್ತಿದ ಅರಸನು ಬರಿನೆಲದ ಮೇಲೆ ಕುಳಿತನೆಂದು ಕವಿ ಹೇಳುತ್ತಾನೆ.

ನಮ್ಮ ಸೀಮೆಯವರಿಗೆ ಇದಕ್ಕೆ ಒಪ್ಪುವ ಪದ ಹುಡುಕಬೇಕಾಗಿಲ್ಲ. ಅದು ಚಾವಡಿ. ಹಿಂದೆ ನಮ್ಮ ಹಳ್ಳಿಗಳಲ್ಲಿ ಊರ ನಡುವಿನ ಕಲ್ಲುಕಟ್ಟೆಯ ಮೇಲೆ ಮರದ ಕಂಬ, ಮೇಲೆ ಮಣ್ಣಿನ ಮಾಳಿಗೆ, ಮುಂಭಾಗಕ್ಕೆ ಬಾಗಿಲೇ ಇಲ್ಲ. ಹಗಲಲ್ಲಿ ಅಲ್ಲಿ ಪಾಟೀಲ ಕುಲಕರ್ಣಿಯರು ಕುಳಿತು ಕಂದಾಯದ ಲೆಕ್ಕ ನೋಡುವರು, ಪಂಚರು ನ್ಯಾಯ ಹೇಳುವರು. ಹೊತ್ತು ಮುಳುಗಿದ ಮೇಲೆ ಅದೇ ಕಟ್ಟೆಯ ಮೇಲೆ ಬಳೆಗಾರ, ಹೆಳವ, ಪಂಢರಪುರಕ್ಕೆ ನಡೆದು ಹೊರಟ ವಾರಕರಿ ಗಂಟನ್ನು ತಲೆದಿಂಬು ಮಾಡಿ ಮಲಗುವರು. ಹಗಲು ನ್ಯಾಯ, ಇರುಳು ನಿದ್ದೆ; ಕಟ್ಟಡ ಒಂದೇ. ‘ಸಭಾ’ ಎಂಬ ಪದದ ಎರಡು ಮುಖಗಳನ್ನೂ ಉಳಿಸಿಕೊಳ್ಳುವ ಶಕ್ತಿ ಇರುವುದು ಈ ಪದಕ್ಕೆ. (ಈಗಿನ ಯಾತ್ರಾಸ್ಥಳಗಳ ವಸತಿಗೃಹಗಳಲ್ಲಿ ಗಂಡಹೆಂಡಿರಿಬ್ಬರ ಗುರುತಿನ ಚೀಟಿಯನ್ನೂ ಕೇಳಿ ಬರೆದುಕೊಳ್ಳುತ್ತಾರೆ. ನಳನ ಕಾಲಕ್ಕೆ ಈ ಏರ್ಪಾಡು ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು!)

ಎರಡು ಮುಖಗಳನ್ನು ಉಳಿಸಿಕೊಳ್ಳಬೇಕೆಂಬ ಹಟ ನಮಗೆ ಏಕೆಂದರೆ, ಈ ಕಥೆಯನ್ನು ಕೇಳುತ್ತಿರುವವನು ಧರ್ಮರಾಜ. ಜೂಜಿನಲ್ಲಿ ಎಲ್ಲವನ್ನೂ ಸೋತು ಕಾಡಿಗೆ ಬಂದು, ತನಗಿಂತ ನಿರ್ಭಾಗ್ಯನಾದ ಅರಸ ಇನ್ನೊಬ್ಬನಿದ್ದಾನೆಯೇ ಎಂದು ಕೇಳಿದವನಿಗೆ ಬೃಹದಶ್ವ ಮುನಿ ಹೇಳುವ ಕಥೆಯಿದು. ದ್ರೌಪದಿಯೂ ಆಗ ಪಾಂಡವರೊಡನೆ ವನದಲ್ಲಿಯೇ ಇದ್ದಾಳೆ. ಅವಳನ್ನು ಏಕವಸ್ತ್ರದಲ್ಲಿ ಎಳೆದು ತಂದದ್ದು ಒಂದು ಸಭೆಗೆ. ದಮಯಂತಿ ಒಂದೇ ವಸ್ತ್ರವನ್ನು ಗಂಡನೊಡನೆ ಹಂಚಿಕೊಂಡು ಬಂದದ್ದೂ ಒಂದು ಸಭೆಗೆ. ಗಾಳಿ ಬಿಸಿಲುಗಳೂ ಕಾಣದಿದ್ದ ತನ್ನ ಪ್ರಿಯೆ ಇಂದು ಸಭೆಯ ನಡುವೆ ಅನಾಥೆಯಂತೆ ನೆಲದ ಮೇಲೆ ಮಲಗಿದ್ದಾಳೆಂದು ನಳ ಮರುಗುವಾಗ, ‘ಸಭೆಯ ನಡುವೆ’ ಎಂಬ ಮಾತು ಧರ್ಮರಾಜನ ಕಿವಿಗೆ ಹೇಗೆ ಕೇಳಿಸಿರಬೇಕು! ಒಂದು ಸಭೆಯ ತುಂಬ ಹಿರಿಯರು, ಆದರೂ ಬಾಯಿ ತೆರೆದವರು ವಿರಳ. ಇನ್ನೊಂದರಲ್ಲಿ ನೋಡುವವರೇ ಇಲ್ಲ. ಒಂದರಲ್ಲಿ ಸೀರೆ ಬೆಳೆಯಿತು, ಇನ್ನೊಂದರಲ್ಲಿ ಅರ್ಧವಾಯಿತು. ‘ಛತ್ರ’ ಎಂದು ಅನುವಾದಿಸಿದ ಕ್ಷಣ ಈ ಇಡೀ ಅನುರಣನ ಕಳೆದುಹೋಗುತ್ತದೆ.

ಇನ್ನು, ಅವರು ಅಲ್ಲಿಗೇ ಏಕೆ ಬಂದರು? ಅವರಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಪುಷ್ಕರ ಸಾರಿದ್ದ. ಊರ ಹೊರಗೆ ಮೂರು ಇರುಳು ಬರಿಯ ನೀರು ಕುಡಿದು ಇದ್ದ ಅರಸನನ್ನು ಯಾರೂ ಮನೆಗೆ ಕರೆಯಲಿಲ್ಲ. ಆಮೇಲೆ ಹೊನ್ನಿನ ರೆಕ್ಕೆಯ ಹಕ್ಕಿಗಳು ಅವನ ಉಟ್ಟ ಬಟ್ಟೆಯನ್ನೂ ಹೊತ್ತೊಯ್ದವು. ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿದ್ದರಿಂದ ಬಾಗಿಲೇ ಇಲ್ಲದ ಕಟ್ಟಡಕ್ಕೆ ಬಂದರು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಒಂದು ಬಾಗಿಲು ತೆರೆದಿತ್ತು. ದಮಯಂತಿಯೇ ಅದನ್ನು ತೋರಿಸಿದಳು. ದಕ್ಷಿಣಾಪಥಕ್ಕೆ ಹೋಗುವ ದಾರಿ, ವಿಂಧ್ಯ, ಪಯೋಷ್ಣಿ ನದಿ, ವಿದರ್ಭದ ದಾರಿ, ಕೋಸಲದ ದಾರಿ ಎಂದು ನಳ ಮತ್ತೆ ಮತ್ತೆ ಬೆರಳು ಮಾಡಿ ತೋರಿಸುತ್ತಿದ್ದಾಗ ಅವಳಿಗೆ ಅದರ ಅರ್ಥ ಹೊಳೆಯಿತು. ತವರಿಗೆ ಹೋಗಬೇಕೆಂದರೆ ಇಬ್ಬರೂ ಕೂಡಿಯೇ ಹೋಗೋಣ, ನನ್ನ ತಂದೆ ನಿಮ್ಮನ್ನು ಗೌರವದಿಂದ ಕಾಣುತ್ತಾನೆ ಎಂದಳು. ಮಕ್ಕಳಿಬ್ಬರು ಮೊದಲೇ ಅಜ್ಜನ ಮನೆ ಸೇರಿದ್ದರು. ನಳನ ಉತ್ತರ: ವೈಭವದಿಂದ ಹೋಗಿದ್ದ ಊರಿಗೆ ಈ ದುರ್ಗತಿಯಲ್ಲಿ ಹೇಗೆ ಹೋಗಲಿ?

ನಮ್ಮ ವಿಮರ್ಶೆಯ ಗಂಟು ಇರುವುದು ಇಲ್ಲಿ. ಕಲಿಪುರುಷನು ನಳನನ್ನು ಹೊಕ್ಕಿದ್ದರಿಂದ ಹೀಗಾಯಿತು ಎಂಬುದು ಕಥೆಯೇ ಕೊಡುವ ಸಮಾಧಾನ; ಕೊನೆಗೆ ನಳನೂ ಇದು ಕಲಿಯ ಕೃತ್ಯ, ತನ್ನದಲ್ಲ ಎಂದೇ ಹೇಳುತ್ತಾನೆ. ಕೀರ್ತನಕಾರರೂ ಅದನ್ನೇ ಹಿಡಿದರು. ದಾಳ ಎಸೆಯುವ ಕೈ ಕಲಿಯದಾಗಿರಬಹುದು. ಆದರೆ ಮಾವನ ಮನೆಗೆ ಬರಿಗೈಯಲ್ಲಿ ಹೋಗಲಾರೆ ಎಂಬ ಮಾತು ಕಲಿಯದಲ್ಲ. ಅದು ಪ್ರತಿಯೊಂದು ಊರಿನ ಅಳಿಯನ ಮಾತು. ನೇಯ್ಗೆಯ ಗಿರಣಿ ಮುಚ್ಚಿದಾಗ, ಬರಗಾಲದಲ್ಲಿ ಹೊಲ ಮಾರಿದಾಗ, ಹೆಂಡತಿ ಮಕ್ಕಳನ್ನು ಬಿಟ್ಟು ರಾತ್ರಿ ಬಂಡಿ ಹತ್ತಿದ ಗಂಡಸರನ್ನು ಈ ಸೀಮೆ ಬಲ್ಲದು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ತಾಯಿಯ ತವರಿನಿಂದ ಬರುತ್ತಿದ್ದ ಮಕ್ಕಳ ಹೆಸರುಗಳು ಕಡಿಮೆಯಿರಲಿಲ್ಲ. ಅವರ ತಂದೆಯರಲ್ಲಿ ಅನೇಕರು ದುಷ್ಟರಲ್ಲ, ಮಾನಿಗಳು. ನಳನೂ ದುಷ್ಟನಲ್ಲ. ನಿನ್ನನ್ನು ಬಿಡುವುದಕ್ಕಿಂತ ಪ್ರಾಣ ಬಿಟ್ಟೇನು ಎಂದು ಅವಳಿಗೆ ಮಾತು ಕೊಟ್ಟ ಮೇಲೆಯೇ ಅವನು ಆ ಚಾವಡಿಗೆ ಬಂದದ್ದು.

ಚಾವಡಿಯಲ್ಲಿ ಅವಳಿಗೆ ಕೂಡಲೇ ನಿದ್ದೆ ಹತ್ತಿತು; ಅವನಿಗೆ ಹತ್ತಲಿಲ್ಲ. ನನ್ನೊಡನೆ ಇದ್ದರೆ ಇವಳಿಗೆ ದುಃಖ ಖಂಡಿತ, ಬಿಟ್ಟರೆ ಎಲ್ಲಾದರೂ ಸುಖ ದೊರೆತೀತು ಎಂದು ಲೆಕ್ಕ ಹಾಕುತ್ತಾನೆ. ಲೆಕ್ಕ ಮೇಲ್ನೋಟಕ್ಕೆ ಸರಿ. ಕೇಳಬೇಕಾದವಳನ್ನು ಕೇಳದೆ ಹಾಕಿದ ಲೆಕ್ಕವದು. ಅತ್ತಿತ್ತ ಓಡಾಡುವಾಗ ಚಾವಡಿಯ ಬಳಿ ಒರೆ ಕಳಚಿದ ಕತ್ತಿಯೊಂದು ಸಿಗುತ್ತದೆ. ಯಾವ ಪಯಣಿಗ ಅಲ್ಲಿ ಬಿಟ್ಟುಹೋದ, ಕವಿ ಹೇಳುವುದಿಲ್ಲ. ಅದರಿಂದ ಅರ್ಧ ವಸ್ತ್ರ ಕೊಯ್ದುಕೊಂಡು ಹೊರಟ; ಮರಳಿ ಬಂದ, ಅತ್ತ; ಆದಿತ್ಯರು, ವಸುಗಳು, ರುದ್ರರು, ಅಶ್ವಿನಿಗಳು, ಮರುತ್ತುಗಳು ನಿನ್ನನ್ನು ಕಾಯಲಿ ಎಂದ. ತಾನು ಮಾಡಬೇಕಾದ ಕಾವಲಿಗೆ ಇಷ್ಟು ದೇವತೆಗಳನ್ನು ನೇಮಿಸಿದ! ಮತ್ತೆ ಹೋದ, ಮತ್ತೆ ಬಂದ. ಅವನ ಹೃದಯ ಎರಡಾಗಿ ಸೀಳಿದಂತಾಗಿ, ಉಯ್ಯಾಲೆಯ ಹಾಗೆ ಸಭೆಗೆ ಬರುತ್ತ ಹೋಗುತ್ತ ಇತ್ತೆಂದು ಕವಿ ಬರೆಯುತ್ತಾನೆ. ಈ ಉಪಮೆಗೆ ಬೇಕಾದದ್ದು ಬಾಗಿಲಿಲ್ಲದ ಕಟ್ಟಡವೇ. ಬಾಗಿಲಿದ್ದರೆ ಸಪ್ಪಳವಾಗಿ ಅವಳಿಗೆ ಎಚ್ಚರವಾಗಬಹುದಿತ್ತು.

ಇಲ್ಲಿಂದ ಮುಂದೆ ಕವಿ ಮಾಡಿದ ಒಂದು ಕೆಲಸವನ್ನು ವಾಚಕರು ಗಮನಿಸಬೇಕೆಂದು ಕೋರುತ್ತೇವೆ. ನಳನು ಚಾವಡಿಯ ಸುತ್ತ ಸುಳಿಯುತ್ತಿರುವವರೆಗೆ ಅದು ‘ಸಭೆ’. ಅವನು ಕೊನೆಯ ಬಾರಿ ಹೊರಟನೆಂಬ ಮಾತಿನಲ್ಲಿಯೇ, ಹೆಂಡತಿಯನ್ನು ಶೂನ್ಯವಾದ ವನದಲ್ಲಿ ಬಿಟ್ಟು ಹೋದನೆಂದು ಬರುತ್ತದೆ. ಅವಳು ಎಚ್ಚತ್ತದ್ದು ನಿರ್ಜನವಾದ ವನದಲ್ಲಿ. ಗೋಡೆ ಕಂಬಗಳು ಎಲ್ಲಿ ಹೋದವು? ಇದು ಕವಿಯ ಮರೆವು ಎಂದು ನಮಗೆ ತೋರುವುದಿಲ್ಲ. ಜತೆಗಾರ ಇದ್ದಷ್ಟು ಹೊತ್ತು ಅದು ಬಿಡಾರ. ಅವನು ಎದ್ದು ಹೋದ ಮೇಲೆ ಅದೇ ನೆಲ ಕಾಡು. ಆದ್ದರಿಂದ ಕಾಡಿನಲ್ಲಿ ಬಿಟ್ಟ ಎಂದು ಹೇಳಿದ ನಮ್ಮ ಅಜ್ಜಿಯರನ್ನು ತಪ್ಪೆನ್ನಲಾಗದು. ಅವರು ದಮಯಂತಿಯ ಕಡೆಯಿಂದ ಕಥೆ ಹೇಳಿದರು.

ನಳನ ಕಥೆಯನ್ನು ಎತ್ತಿಕೊಂಡ ದೊಡ್ಡ ಪಂಡಿತಕವಿಗಳು ಈ ಕಟ್ಟಡದವರೆಗೆ ಬರಲಿಲ್ಲವೆಂಬುದೂ ಸ್ವಾರಸ್ಯದ ಸಂಗತಿ. ಶ್ರೀಹರ್ಷನ ನೈಷಧೀಯಚರಿತವು 22 ಸರ್ಗಗಳಷ್ಟು ಬೆಳೆದು ಮದುವೆಯ ಸುಖದಲ್ಲಿಯೇ ನಿಲ್ಲುತ್ತದೆ. ರಾಷ್ಟ್ರಕೂಟ ಮೂರನೆಯ ಇಂದ್ರನ ಆಸ್ಥಾನದ ತ್ರಿವಿಕ್ರಮಭಟ್ಟ, ನಮ್ಮ ಮಗ್ಗುಲಿನ ಮಾನ್ಯಖೇಟದವನೆನ್ನಬಹುದು, ಬರೆದ ನಳಚಂಪುವು ಸ್ವಯಂವರವನ್ನೂ ಮುಟ್ಟದೆ ಮುಗಿದಿದೆ. ಶ್ಲೇಷೆಗೆ ಹಂಸ ಒದಗುತ್ತದೆ, ಬರಿನೆಲ ಒದಗುವುದಿಲ್ಲ. ಕನ್ನಡದಲ್ಲಿ ಪಂಢರಪುರದ ವಿಠಲನ ಭಕ್ತನಾದ ಚೌಂಡರಸನ ನಳಚಂಪುವೂ ಕನಕದಾಸರ ಭಾಮಿನಿ ಷಟ್ಪದಿಯ ನಳಚರಿತ್ರೆಯೂ ಇವೆ. ಅವುಗಳ ವಿವೇಚನೆ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು. ಚೌಂಡರಸನ ಕೃತಿಯನ್ನು ಅವನ ದೈವದ ಜಿಲ್ಲೆಯಲ್ಲೇ ಇರುವ ನಾವು ಓದದಿರುವುದು ಸಂಘದ ತರುಣರು ಯೋಚಿಸಬೇಕಾದ ವಿಷಯ.

ಕಥೆಯ ಕೊನೆಯ ಭಾಗವನ್ನು ಈ ಚಾವಡಿಯ ಬೆಳಕಿನಲ್ಲಿ ಓದಿದರೆ ಬೇರೆಯೇ ರುಚಿ. ದಮಯಂತಿ ತವರಿನಿಂದ ದೇಶದೇಶಕ್ಕೆ ಬ್ರಾಹ್ಮಣರ ಮೂಲಕ ಕಳಿಸಿದ ಪ್ರಶ್ನೆಯಲ್ಲಿ ಗಂಡನನ್ನು ಕರೆಯುವುದು ‘ಕಿತವ’ ಎಂದು, ಅಂದರೆ ಜೂಜುಗಾರ. ಅರ್ಧ ವಸ್ತ್ರ ಕೊಯ್ದು, ಕಾಡಿನಲ್ಲಿ ಮಲಗಿದ್ದವಳನ್ನು ಬಿಟ್ಟು ಎಲ್ಲಿಗೆ ಹೋದೆ ಎಂದು ಕೇಳುತ್ತಾಳೆ, ಕಲಿಯ ಹೆಸರೆತ್ತುವುದಿಲ್ಲ. ಬಾಹುಕನೆಂಬ ಸಾರಥಿಯಾಗಿ, ಋತುಪರ್ಣನ ರಥ ಹೊಡೆದುಕೊಂಡು ನಳನು ಕುಂಡಿನಪುರಕ್ಕೆ ಬರುತ್ತಾನೆ. ದುರ್ಗತಿಯಲ್ಲಿ ಹೋಗಲಾರೆನೆಂದ ಅದೇ ಮಾವನ ಮನೆಗೆ, ರೂಪವೂ ಹೆಸರೂ ಕಳೆದುಕೊಂಡು, ಪರರ ಊಳಿಗದವನಾಗಿ. ರಥಶಾಲೆಯಲ್ಲಿ ಕುದುರೆಗಳನ್ನು ಬಿಚ್ಚಿ, ಉಪಚರಿಸಿ, ರಥದ ಮೇಲೆಯೇ ಕುಳಿತುಕೊಳ್ಳುತ್ತಾನೆ. ಅವನಿಗೆ ಅಲ್ಲಿ ಸಿಕ್ಕ ಬಿಡಾರ ಅಷ್ಟೇ. ಅವನನ್ನು ಒಳಗೆ ಕರೆಸಿದ ದಮಯಂತಿ ಕೇಳುವ ಪ್ರಶ್ನೆ ಮತ್ತೆ ಅದೇ: ಮಲಗಿದ್ದ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟುಹೋದ ಒಬ್ಬ ಧರ್ಮಜ್ಞನನ್ನು ನೀನೆಲ್ಲಾದರೂ ಕಂಡೆಯಾ?