ಗಾಳಿಯ ಮರೆ

ಆಷಾಢದಲ್ಲಿ ವಿಜಯಪುರದ ಸುತ್ತ ಸೈಕಲ್ ಹೊಡೆಯುವವರಿಗೆ ಗುಡ್ಡದ ಏರು ಬೇಕಿಲ್ಲ, ಪಡುವಣ ಗಾಳಿಯೊಂದೇ ಸಾಕು. ತೊಗರಿ ಇನ್ನೂ ಗೇಣೆತ್ತರ. ಹಿಂಗಾರಿ ಜೋಳಕ್ಕೆ ಕಾದಿರುವ ಎರೆಹೊಲ ಬಟ್ಟಬಯಲು. ಸಿಂದಗಿ ರಸ್ತೆಯಲ್ಲಿ ಹೋಗುವಾಗ ಬೆನ್ನು ನೂಕಿದ ಗಾಳಿ, ಮನೆಗೆ ಮರಳುವಾಗ ಎದೆಗೇ ಬರುತ್ತದೆ.

ಕಳೆದ ಭಾನುವಾರ ಹೀಗೆ ಏಗುತ್ತ ಬರುತ್ತಿದ್ದಾಗ ಹದಿಹರೆಯದ ಹುಡುಗನೊಬ್ಬ ರೇಸಿಂಗ್ ಸೈಕಲ್ಲಿನಲ್ಲಿ ಪಕ್ಕಕ್ಕೆ ಬಂದ. "ಗಾಳಿ ಭಾಳ ಐತ್ರೀ ಸರ, ನನ್ನ ಹಿಂದ ಬರ್ರಿ" ಅಂದವನೇ ಮುಂದಾದ.

ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಗಾಲಿಗೆ ಹತ್ತಿ ನಡೆದರೆ ಹೆಚ್ಚುಕಡಿಮೆ ಕಾಲುಭಾಗ ಶ್ರಮ ಉಳಿಯುತ್ತದೆ. ಇದು ಸೈಕಲ್ ಹೊಡೆಯುವವರಿಗೆಲ್ಲ ಗೊತ್ತು. ಆದರೆ ಆ ಹುಡುಗ ಮಾಡಿದ್ದು ಅದಕ್ಕಿಂತ ಸೂಕ್ಷ್ಮದ್ದು. ಅವತ್ತು ಗಾಳಿ ನೇರ ಎದುರಿನದಲ್ಲ, ನೈರುತ್ಯದ್ದು; ನಮ್ಮ ಎಡಮುಂದಿನಿಂದ ಹೊಡೆಯುತ್ತಿತ್ತು. ಅಂಥಾ ಹೊತ್ತಿನಲ್ಲಿ ಮರೆ ಸಿಗುವುದು ನೇರ ಹಿಂದಲ್ಲ, ತುಸು ಬಲಕ್ಕೆ. ಅದನ್ನರಿತು ಆತ ಡಾಂಬರಿನ ಎಡ ಅಂಚಿಗೇ ಸರಿದು, ನಾನು ನಡುರಸ್ತೆಗೆ ಬೀಳದಂತೆ ಜಾಗ ಬಿಟ್ಟುಕೊಟ್ಟ. ಗಾಲಿಯಿಂದ ಒಂದು ಗೇಣು ಆಚೆ ಜಲ್ಲಿ. ಆದರೂ ಗೆರೆ ಕದಲಲಿಲ್ಲ. ಗುಂಡಿ ಬಂದಾಗ ಕೈ ಇಳಿಸಿ ಬೆರಳು ತೋರಿಸಿದ. ಒಮ್ಮೆಯೂ ತಟ್ಟನೆ ಬ್ರೇಕ್ ಹಿಡಿಯಲಿಲ್ಲ. ಸ್ಪರ್ಧೆಯಲ್ಲಿ ಇದೇ ವಿದ್ಯೆಯನ್ನು ತಿರುವುಮುರುವಾಗಿ ಬಳಸುತ್ತಾರೆ: ಮುಂದಿನವನು ಮರೆಯ ಕಡೆಯ ಅಂಚಿಗೆ ಅಂಟಿಕೊಂಡು, ಹಿಂದಿನವರನ್ನು ಬರೀ ಗಾಳಿಗೆ ಒಡ್ಡಿ ಸುಸ್ತು ಮಾಡುತ್ತಾನೆ. ಎರಡನ್ನೂ ಬಲ್ಲ ಹುಡುಗ ಅಪರಿಚಿತನಿಗೆ ಮರೆಯನ್ನೇ ಕೊಟ್ಟ.

ಮೊಣಕೈ ಅಲ್ಲಾಡಿಸಿ ಸನ್ನೆ ಮಾಡಿದಾಗ ನಾನು ಮುಂದೆ ಹೋದೆ. ವೇಗ ಇಳಿಯಿತು. ಆತ ಅಷ್ಟಕ್ಕೇ ಹೊಂದಿಕೊಂಡು ಹಿಂದೆ ಬಂದನೇ ಹೊರತು ಹಾದುಹೋಗಲಿಲ್ಲ. ಸರದಿಗೆ ಕೊಡುವ ಈ ಮರ್ಯಾದೆಯನ್ನು ನಾನು ಬೆಲೆಬಾಳುವ ಸೈಕಲ್ಲಿಗಿಂತ ದೊಡ್ಡದೆಂದು ಎಣಿಸುತ್ತೇನೆ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿ ಮಕ್ಕಳು ರಾಷ್ಟ್ರೀಯ ಪದಕ ತರುವುದು ಇಲ್ಲಿ ಹೊಸ ಸುದ್ದಿಯಲ್ಲ. ಕಾಲಿನ ಬಲದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಇಂಥ ಗಾಳಿಯಲ್ಲಿ ಬೆಳೆದವರಿಗೆ ಮರೆ ಹುಡುಕುವ, ಮರೆ ಕೊಡುವ ಕಲೆಯೂ ಒಲಿದಿರುತ್ತದೆ. ಅದನ್ನು ಪದಕಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.

ಗೋಳಗುಮ್ಮಟ ಕಣ್ಣಿಗೆ ಬಿದ್ದ ಮೇಲೆ ಆತ ಬದಿಗೆ ನಿಂತು ಎರಡು ಗುಟುಕು ನೀರು ಕುಡಿದ. ಊರು ಬಂತಲ್ಲ ಎಂದೆ. "ಇಲ್ರೀ ಸರ, ಇನ್ನೊಂದ್ ಸುತ್ತ ಐತ್ರಿ" ಎಂದು ಸೈಕಲ್ ತಿರುಗಿಸಿಕೊಂಡು ಮತ್ತೆ ಸಿಂದಗಿ ದಿಕ್ಕಿಗೇ ಹೊರಟ.