ಕಲ್ಯಾಣದ ನೆಲದಲ್ಲಿ ಕಥೋಲಿಕ ನೀತಿಬೋಧೆ

ಕಥೋಲಿಕ ಧರ್ಮಸಭೆಯ ನೀತಿಬೋಧೆಯನ್ನು ಒಟ್ಟಾಗಿ ಓದಬಯಸುವವರು ಎರಡು ಗ್ರಂಥಗಳನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ. ಒಂದು, 1992ರಲ್ಲಿ ಹೊರಬಂದು 1997ರಲ್ಲಿ ಲ್ಯಾಟಿನ್ ಭಾಷೆಯ ಅಧಿಕೃತ ಪಾಠವಾಗಿ ಪರಿಷ್ಕಾರಗೊಂಡ ಧರ್ಮೋಪದೇಶ ಗ್ರಂಥ. ಅದರ ಮೂರನೆಯ ಭಾಗವು ವ್ಯಕ್ತಿಯ ನಡೆಯನ್ನು ತೂಗುವ ಬಗೆಯನ್ನು ವಿವರಿಸುತ್ತದೆ. ಇನ್ನೊಂದು, ನ್ಯಾಯ ಮತ್ತು ಶಾಂತಿಗಾಗಿ ಪೋಪರು ನೇಮಿಸಿದ ಪರಿಷತ್ತು 2004ರಲ್ಲಿ ಪ್ರಕಟಿಸಿದ, 583 ಕಂಡಿಕೆಗಳಲ್ಲಿ ಹರಡಿಕೊಂಡಿರುವ ಸಾಮಾಜಿಕ ಬೋಧೆಯ ಸಂಗ್ರಹ. ಈ ಎರಡು ಗ್ರಂಥಗಳು ಒಂದೇ ಸಂಸ್ಥೆಯಿಂದ ಬಂದವಾದರೂ ಒಂದೇ ಕಸುಬಿನ ಕೈಗಳಿಂದ ಬಂದವಲ್ಲ ಎಂಬುದು ಅವುಗಳನ್ನು ಬೀದರ್ ಜಿಲ್ಲೆಯಂಥ ನೆಲದಲ್ಲಿಟ್ಟು ಓದಿದಾಗ ಸ್ಪಷ್ಟವಾಗುತ್ತದೆ. ಬಸವಕಲ್ಯಾಣ, ಹುಮನಾಬಾದ್, ಮತ್ತು ಹಿಂದೆ ಹುಮನಾಬಾದ್ ತಾಲ್ಲೂಕಿನಲ್ಲಿದ್ದು ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿರುವ ಬೇಮಳಖೇಡದ ಸುತ್ತಿನ ಸೀಮೆಯಲ್ಲಿ ಕ್ರೈಸ್ತರೆಂದರೆ ಬಹುಪಾಲು ಮೆಥೊಡಿಸ್ಟರು. 2005ರಲ್ಲಿ ರಚನೆಯಾದ ಗುಲ್ಬರ್ಗಾ ಧರ್ಮಪ್ರಾಂತದ ಕಥೋಲಿಕರು ಅವರ ನಡುವೆ ಒಂದು ಸಣ್ಣ ಗುಂಪು. ಆದರೆ ಒಂದು ನೀತಿಬೋಧೆಯ ಬೆಲೆಯನ್ನು ಅದನ್ನು ಒಪ್ಪಿದವರ ಸಂಖ್ಯೆಯಿಂದ ಅಳೆಯಲಾಗದು. ದುಡಿಮೆ, ಕೂಲಿ ಮತ್ತು ಜಾತಿಯ ಪ್ರಶ್ನೆಗಳು ಎಂಟು ಶತಮಾನಗಳಿಗೂ ಮೊದಲೇ ಚರ್ಚೆಗೆ ಬಂದಿದ್ದ ನೆಲದಲ್ಲಿ ಆ ಬೋಧೆ ಎಷ್ಟು ದೂರ ನಡೆಯಬಲ್ಲದು ಎಂಬುದೇ ಇಲ್ಲಿನ ವಿಚಾರ.

ಈ ಬೋಧೆಯ ತಳಹದಿ ಸಹಜ ಧರ್ಮದ ಕಲ್ಪನೆ. ಒಳಿತನ್ನು ಅರಸಬೇಕು, ಕೆಡುಕನ್ನು ತೊರೆಯಬೇಕು ಎಂಬ ಅರಿವು ಯಾವ ಶಾಸ್ತ್ರವನ್ನೂ ಓದದ ಮನುಷ್ಯನ ಬುದ್ಧಿಗೂ ಎಟಕುವಂಥದ್ದು ಎಂದು 13ನೆಯ ಶತಮಾನದ ತೋಮಾ ಅಕ್ವಿನಾಸ್ ವಾದಿಸಿದ್ದರಿಂದ, ಕಥೋಲಿಕ ನೀತಿಯು ಕಥೋಲಿಕರಲ್ಲದವರೊಂದಿಗೂ ಮಾತನಾಡುವ ಹಕ್ಕನ್ನು ತಾನಾಗಿಯೇ ಪಡೆದುಕೊಂಡಿತು, ಜೊತೆಗೆ ಅವರಿಂದ ಪ್ರಶ್ನೆಗೊಳಗಾಗುವ ಹೊಣೆಯನ್ನೂ ಹೊತ್ತುಕೊಂಡಿತು. ಈ ತಳಹದಿಯ ಮೇಲೆ ಕೃತ್ಯವನ್ನು ಪರೀಕ್ಷಿಸುವ ಮೂರು ಅಂಗಗಳಿವೆ: ಮಾಡಿದ್ದೇನು ಎಂಬ ಕೃತ್ಯದ ಸ್ವರೂಪ, ಏತಕ್ಕಾಗಿ ಎಂಬ ಉದ್ದೇಶ, ಯಾವಾಗ, ಎಲ್ಲಿ, ಹೇಗೆ ಎಂಬ ಸನ್ನಿವೇಶ. ಮೂರೂ ಸರಿಯಿದ್ದರೆ ಮಾತ್ರ ಕೃತ್ಯ ಒಳ್ಳೆಯದು. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಸ್ವರೂಪದಲ್ಲೇ ಕೆಟ್ಟದ್ದಾದ ಕೃತ್ಯವನ್ನು ಅದು ನೆಟ್ಟಗೆ ಮಾಡಲಾರದು. ಪಾಪದ ತೂಕವನ್ನು ನಿರ್ಧರಿಸುವಲ್ಲಿಯೂ ಇದೇ ಎಚ್ಚರವಿದೆ: ವಿಷಯ ಗಂಭೀರವಾಗಿರಬೇಕು, ಮಾಡುವವರಿಗೆ ಅದರ ಪೂರ್ಣ ಅರಿವಿರಬೇಕು, ಸ್ವಂತ ಮನಸ್ಸಿನಿಂದ ಒಪ್ಪಿ ಮಾಡಿರಬೇಕು, ಈ ಮೂರೂ ಕೂಡಿದಾಗ ಮಾತ್ರ ಅದು ಆತ್ಮವನ್ನು ಕೊಲ್ಲುವ ಮಾರಕ ಪಾಪ. ಶತಮಾನಗಳ ಕಾಲ ಪಾಪನಿವೇದನೆಯ ಪೀಠದಲ್ಲಿ ಕುಳಿತು ಜನರ ಗುಟ್ಟುಗಳನ್ನು ಕೇಳಿಸಿಕೊಂಡ ಗುರುಗಳ ಅನುಭವ ಈ ವಿಂಗಡಣೆಯ ಹಿಂದಿದೆ, ಮತ್ತು ಮನುಷ್ಯನ ಮನಸ್ಸಿನ ಇಕ್ಕಟ್ಟುಗಳ ಬಗ್ಗೆ ಇದಕ್ಕಿರುವ ತಿಳಿವಳಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಈ ಸಲಕರಣೆ ಎಷ್ಟು ಹರಿತ, ಎಲ್ಲಿ ಮೊಂಡು ಎಂಬುದನ್ನು ತೋರಿಸಲು ಕಬ್ಬಿನ ಗದ್ದೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಬೀದರಿಗೆ ಹೊಂದಿಕೊಂಡ ಮರಾಠವಾಡದಿಂದ ಪ್ರತಿವರ್ಷ ಕಬ್ಬು ಕಡಿಯಲು ಹೊರಡುವ ಕೂಲಿಗಳ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೊಯ್ತಾ', ಎಂದರೆ ಒಂದು ಕುಡುಗೋಲು. ಹಂಗಾಮಿಗೆ ಮೊದಲೇ ಮುಕಾದಮ, ಎಂದರೆ ಕೂಲಿಗಳನ್ನು ಕೂಡಿಸುವ ಗುತ್ತಿಗೆದಾರ, ಕೊಡುವ 'ಉಚಲ್' ಎಂಬ ಮುಂಗಡ ಆ ಜೋಡಿಯ ಹೆಸರಿಗೆ ಬೀಳುತ್ತದೆ. ಒಬ್ಬರು ಒಂದು ದಿನ ಕೆಲಸ ತಪ್ಪಿಸಿದರೂ 'ಖಾಡಾ' ಎಂಬ ದಂಡ ಇಬ್ಬರ ತಲೆಗೂ ಬರುತ್ತದೆ. ತಿಂಗಳ ಮುಟ್ಟಿನ ದಿನಗಳಲ್ಲೂ ರಜೆಯಿಲ್ಲದ, ಶೌಚಾಲಯವಿಲ್ಲದ ಬಿಡಾರಗಳಲ್ಲಿ ಬದುಕುವ ಹೆಂಗಸರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದಾರೆಂಬ ಸುದ್ದಿ ಬೀಡ್ ಜಿಲ್ಲೆಯಿಂದ ಬಂದದ್ದು 2019ರಲ್ಲಿ. ಮಹಾರಾಷ್ಟ್ರ ಸರ್ಕಾರ ನೇಮಿಸಿದ ಸಮಿತಿಯು ಸಮೀಕ್ಷೆಗೆ ಒಳಪಡಿಸಿದ 82 ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು.

ಕಾಕತಾಳೀಯವಾಗಿ ಅದೇ 2019ರ ಜನವರಿಯಲ್ಲಿ ರೋಮಿನ ವಿಶ್ವಾಸಬೋಧೆಯ ಪರಿಷತ್ತು ಗರ್ಭಕೋಶ ತೆಗೆಯುವುದರ ನೈತಿಕತೆಯ ಬಗ್ಗೆ ಒಂದು ಕಿರು ಉತ್ತರವನ್ನು ಪ್ರಕಟಿಸಿತ್ತು. ಇಲ್ಲಿ ನೆನಪಿಗೆ ಬರುವುದು ಇಮ್ಮಡಿ ಫಲದ ತತ್ವ: ಒಂದು ಕೃತ್ಯದಿಂದ ಒಳಿತೂ ಕೆಡುಕೂ ಎರಡೂ ಹುಟ್ಟುವುದಾದರೆ, ಕೃತ್ಯ ತನ್ನಷ್ಟಕ್ಕೆ ಕೆಟ್ಟದ್ದಾಗಿರದೆ, ಒಳಿತನ್ನೇ ಉದ್ದೇಶಿಸಿ, ಕೆಡುಕನ್ನು ಸಾಧನವಾಗಿ ಬಳಸದೆ, ತಕ್ಕಷ್ಟು ಗಂಭೀರ ಕಾರಣವಿದ್ದಾಗ ಅದನ್ನು ಮಾಡಬಹುದು ಎಂಬುದು ಅದರ ಸಾರ. ಗರ್ಭಕೋಶಕ್ಕೆ ಕಾಯಿಲೆಯಾದಾಗ ಅದನ್ನು ತೆಗೆಯಬಹುದು, ಆಗ ಬಂಜೆತನ ಉದ್ದೇಶವಲ್ಲ, ಪಕ್ಕದ ಪರಿಣಾಮ ಮಾತ್ರ; ಗರ್ಭ ನಿಲ್ಲುವ ಸಾಧ್ಯತೆಯೇ ಇಲ್ಲದಷ್ಟು ಅದು ಕೆಟ್ಟುಹೋಗಿದೆಯೆಂದು ವೈದ್ಯರು ಖಚಿತವಾಗಿ ಹೇಳುವಾಗಲೂ ತೆಗೆಯಬಹುದು ಎಂದು 2019ರ ಉತ್ತರ ಸೇರಿಸಿತು. ಹಾಗಾದರೆ ಖಾಡಾ ತಪ್ಪಿಸಿಕೊಳ್ಳಲು ಆರೋಗ್ಯವಾಗಿದ್ದ ಗರ್ಭಕೋಶವನ್ನು ತೆಗೆಸಿಕೊಂಡವಳ ಗತಿಯೇನು? ಗ್ರಂಥದ ಲೆಕ್ಕದಲ್ಲಿ ಆಕೆಯದು ಸ್ವರೂಪದಲ್ಲೇ ತಪ್ಪಾದ ಕೃತ್ಯ. ಅರಿವು ಮತ್ತು ಒಪ್ಪಿಗೆ ಕುಂದಿದ್ದರಿಂದ ಆಕೆಯ ಹೊಣೆ ಕಡಿಮೆಯಾಗುತ್ತದೆ, ಅಷ್ಟೆ. ಇಷ್ಟು ನಯವಾದ ವಿಶ್ಲೇಷಣೆ ಶಸ್ತ್ರಚಿಕಿತ್ಸೆಯ ಮೇಜಿನ ಸುತ್ತ ಮಾತ್ರ ಸುತ್ತುತ್ತದೆ. ದಂಡದ ಪದ್ಧತಿಯನ್ನು ಮಾಡಿಟ್ಟ ಮುಕಾದಮ, ಆ ಪದ್ಧತಿಯ ಲಾಭವನ್ನುಂಡ ಕಾರ್ಖಾನೆ, ಅಗ್ಗದ ಸಕ್ಕರೆಯನ್ನು ಕೊಂಡ ಮನೆ ಇವೆಲ್ಲವೂ ಕೃತ್ಯದ ಸನ್ನಿವೇಶ ಎಂಬ ಮೂರನೆಯ ಅಂಗದ ಮೂಲೆಯಲ್ಲಿ ಸೇರಿಹೋಗುತ್ತವೆ. ನಿಜವಾದ ಕೃತ್ಯ ನಡೆದದ್ದು ಅಲ್ಲಿಯೇ ಎಂದು ಹೇಳಲು ಮೊದಲನೆಯ ಗ್ರಂಥದ ವ್ಯಾಕರಣ ಅವಕಾಶ ಕೊಡುವುದಿಲ್ಲ.

ಅವಕಾಶ ಸಿಗಬೇಕಾದದ್ದು ಎರಡನೆಯ ಗ್ರಂಥದಲ್ಲಿ. 13ನೆಯ ಲಿಯೋ ಪೋಪರು 1891ರ ಮೇ 15ರಂದು ಹೊರಡಿಸಿದ ರೇರುಮ್ ನೋವಾರುಮ್ ಎಂಬ ವಿಶ್ವಪತ್ರ, ಅಂದರೆ ಇಡೀ ಧರ್ಮಸಭೆಯನ್ನುದ್ದೇಶಿಸಿ ಬರೆದ ಬೋಧನಾಪತ್ರವು, ಕೂಲಿಯ ಕರಾರಿಗೆ ಕೆಲಸಗಾರನೇ ಒಪ್ಪಿ ಹೆಬ್ಬೆಟ್ಟೊತ್ತಿದ ಮಾತ್ರಕ್ಕೆ ಆ ಕೂಲಿ ನ್ಯಾಯದ್ದಾಗುವುದಿಲ್ಲ, ಮಿತವಾಗಿ ಬದುಕುವವನ ಹೊಟ್ಟೆಬಟ್ಟೆಗೆ ಸಾಲದ ಕೂಲಿಯನ್ನು ಅಗತ್ಯಕ್ಕೆ ಸಿಕ್ಕಿ ಒಪ್ಪಿಕೊಂಡವನು ಬಲಾತ್ಕಾರಕ್ಕೆ ಒಳಗಾದವನೇ ಎಂದು ಸಾರಿತು. ಉಚಲ್ ಪದ್ಧತಿಯ ವಿರುದ್ಧ ಇದಕ್ಕಿಂತ ನೇರವಾದ ವಾದ ಬೇಕಿಲ್ಲ. ಆದರೆ 1931ರಲ್ಲಿ 11ನೆಯ ಪಿಯುಸ್ ಪೋಪರು ಈ ವಿಚಾರವನ್ನು ಬೆಳೆಸಿದಾಗ ಅವರ ಕಣ್ಣ ಮುಂದಿದ್ದದ್ದು ಯುರೋಪಿನ ಕಾರ್ಖಾನೆಗೆ ಹೋಗುವ ಗಂಡ ಮತ್ತು ಮನೆಯಲ್ಲಿರುವ ಹೆಂಡತಿ; ಗಂಡನ ಕೂಲಿ ಇಡೀ ಸಂಸಾರಕ್ಕೆ ಸಾಕಾಗುವಷ್ಟಿರಬೇಕು ಎಂಬುದು ಅವರ ಬೇಡಿಕೆ. ಕೊಯ್ತಾ ಪದ್ಧತಿಯಲ್ಲಿ ನಡೆಯುವುದು ಇದರ ವಿಪರೀತ: ಇಬ್ಬರೂ ದುಡಿಯುತ್ತಾರೆ, ಕೂಲಿ ಒಂದೇ ಘಟಕಕ್ಕೆ, ಮತ್ತು ಹೆಂಡತಿಯ ದುಡಿಮೆ ಗಂಡನ ಹೆಸರಿನೊಳಗೆ ಕರಗಿಹೋಗುತ್ತದೆ. ಸಂಸಾರವೇ ಕೂಲಿಯ ಘಟಕವೆಂಬ ಪೋಪರ ಒಳ್ಳೆಯ ಕಲ್ಪನೆಯು ಇಲ್ಲಿ ಹೆಣ್ಣನ್ನು ಲೆಕ್ಕದಿಂದ ಅಳಿಸಿಹಾಕುವ ಸಾಧನವಾಗಿ ತಿರುಗಬಲ್ಲದೆಂಬ ಅಪಾಯವನ್ನು ಸಂಗ್ರಹವು ಗುರುತಿಸಿದಂತಿಲ್ಲ.

ಇದಕ್ಕೆದುರಾಗಿ ಕಲ್ಯಾಣದ ಶರಣಪರಂಪರೆಯ ಒಂದು ಪ್ರಸಂಗವನ್ನು ಇಡಬಹುದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಾದದ್ದನ್ನು ತಂದಲ್ಲಿಗೇ ಹಾಕಿಬರುವಂತೆ ಹೇಳಿ ಕಳಿಸುತ್ತಾಳೆ. ಅಗತ್ಯಕ್ಕೆ ಮಿಕ್ಕಿದ್ದು ಇಲ್ಲದವರದು ಎಂಬ ಅಕ್ವಿನಾಸರ ವಾದ, ಭೂಮಿಯ ಸಂಪತ್ತೆಲ್ಲ ಮೂಲತಃ ಎಲ್ಲರಿಗಾಗಿ ಇರುವುದು, ಖಾಸಗಿ ಒಡೆತನ ಅದರ ನಂತರದ ಏರ್ಪಾಡು ಎಂಬ ಸಂಗ್ರಹದ ಸಿದ್ಧಾಂತ, ಇವೆರಡೂ ಲಕ್ಕಮ್ಮನ ಮಾತಿನ ನೆರೆಹೊರೆಯಲ್ಲೇ ಇವೆ. ವ್ಯತ್ಯಾಸವಿರುವುದು ತೀರ್ಪುಗಾರ್ತಿಯ ಸ್ಥಾನದಲ್ಲಿ. ಇಲ್ಲಿ ದುಡಿಮೆಯ ನ್ಯಾಯವನ್ನು ನಿರ್ಣಯಿಸುವವಳು ಅದೇ ದುಡಿಮೆಯನ್ನು ಹಂಚಿಕೊಂಡ ಹೆಂಗಸು. 2ನೆಯ ಜಾನ್ ಪೌಲ್ ಪೋಪರು 1981ರ ಲಾಬೋರೆಮ್ ಎಕ್ಸೆರ್ಚೆನ್ಸ್ ಪತ್ರದಲ್ಲಿ ಕೆಲಸದ ಬೆಲೆ ಬರುವುದು ಮಾಡಿದ ವಸ್ತುವಿನಿಂದಲ್ಲ, ಮಾಡುವ ಮನುಷ್ಯನಿಂದ, ಆದ್ದರಿಂದ ದುಡಿಮೆಗೆ ಬಂಡವಾಳಕ್ಕಿಂತ ಮೇಲಿನ ಸ್ಥಾನ ಎಂದು ನಿರೂಪಿಸಿದಾಗ ಕಥೋಲಿಕ ಬೋಧೆ ಕಾಯಕತತ್ವಕ್ಕೆ ಅತ್ಯಂತ ಹತ್ತಿರ ಬಂದಿತು. ಈ ಪತ್ರವೇ ಇಡೀ ಸಾಮಾಜಿಕ ಬೋಧೆಯ ಅತ್ಯುತ್ತಮ ಭಾಗವೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಕಾಯಕವನ್ನು ಅತಿಯಾಗಿ ಹೊಗಳುವ ಅಗತ್ಯವೂ ಇಲ್ಲ: ಸರ್ಕಾರಿ ಕಚೇರಿಗಳ ಗೋಡೆಯ ಬರಹವಾದ ಮೇಲೆ ಅದು ಕೂಲಿ ಕೇಳುವವರ ಬಾಯಿ ಮುಚ್ಚಿಸಲೂ ಬಳಕೆಯಾಗಿದೆ.

ಜಾತಿಯ ವಿಷಯಕ್ಕೆ ಬಂದಾಗ ತಕರಾರು ಇನ್ನಷ್ಟು ಆಳಕ್ಕಿಳಿಯುತ್ತದೆ. ರೇರುಮ್ ನೋವಾರುಮ್ ಪತ್ರವು ವರ್ಗಸಂಘರ್ಷವನ್ನು ನಿರಾಕರಿಸಲು ಬಳಸಿದ ಉಪಮೆ ಮನುಷ್ಯದೇಹದ್ದು: ಅಂಗಾಂಗಗಳು ಒಂದಕ್ಕೊಂದು ಹೊಂದಿಕೊಂಡಿರುವಂತೆ ಉಳ್ಳವರೂ ದುಡಿಯುವವರೂ ಹೊಂದಿಕೊಂಡಿರಬೇಕೆಂಬುದು ಪ್ರಕೃತಿಯ ವಿಧಿ. ಈ ಉಪಮೆ ರೋಮಿನಲ್ಲಿ ನಿರಪಾಯಕಾರಿಯಾಗಿ ಕೇಳಿಸಿರಬಹುದು. ಪುರುಷಸೂಕ್ತದ ವಿರಾಟ್ ದೇಹದ ಪಾದಗಳಿಂದ ಹುಟ್ಟಿದವರೆಂದು ಕರೆಸಿಕೊಂಡ ಜನರು ಅದನ್ನು ಓದುವಾಗ ಹಾಗೆ ಕೇಳಿಸದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕಾಗಿ ಎರಡೂ ಮನೆಯವರು ರಾಜದಂಡನೆಗೆ ಗುರಿಯಾದ ಕಥೆ ಕಲ್ಯಾಣದ ನೆಲದ್ದು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸಾಮಾಜಿಕ ಸ್ಥಾನದ ಆಧಾರದ ಭೇದಭಾವ ದೇವರ ಸಂಕಲ್ಪಕ್ಕೆ ವಿರುದ್ಧವೆಂದು ಘೋಷಿಸಿ ಹಳೆಯ ದೇಹೋಪಮೆಯಿಂದ ದೂರ ಸರಿಯಿತು. ಧರ್ಮಸಭೆಯ ಕಾನೂನಿನಲ್ಲಿ ಜಾತಿ ಮದುವೆಗೆ ಅಡ್ಡಿಯಲ್ಲ. ಆದರೂ ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಬಾಮಣ್, ಚಾರೊಡಿ ಎಂಬ ಎಣಿಕೆ ಮದುವೆಯ ಮಾತುಕತೆಯಲ್ಲಿ ಇಂದಿಗೂ ಪೂರ್ತಿ ಸತ್ತಿಲ್ಲ. ಕುಟುಂಬ, ದುಡಿಮೆ, ಆರ್ಥಿಕತೆ, ರಾಜಕೀಯ, ಪರಿಸರ, ಶಾಂತಿ ಇವಕ್ಕೆಲ್ಲ ಒಂದೊಂದು ಅಧ್ಯಾಯವನ್ನಿಟ್ಟ 2004ರ ಸಂಗ್ರಹವು ಜಾತಿಗೆ ಅಂಥ ಅಧ್ಯಾಯವನ್ನಿಡಲಿಲ್ಲ.

ಈ ಕೊರತೆಯ ಪರಿಣಾಮ ಅತ್ಯಂತ ತೀವ್ರವಾಗಿ ಕಾಣುವುದು ಜಾತಿ ಪ್ರಮಾಣಪತ್ರ ಎಂಬ ಒಂದು ಹಾಳೆಯಲ್ಲಿ. 1950ರ ರಾಷ್ಟ್ರಪತಿ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಅದರೊಳಕ್ಕೆ ಬಂದರು, ಕ್ರೈಸ್ತರು ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಧರ್ಮದ ಷರತ್ತನ್ನು ತೆಗೆದುಹಾಕಲು ಶಿಫಾರಸು ಮಾಡಿತು, 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗಕ್ಕೆ ಅದೇ ಪ್ರಶ್ನೆಯನ್ನು ಮತ್ತೆ ಒಪ್ಪಿಸಲಾಯಿತು. ಹೀಗಾಗಿ ಹೊಲೆಯ, ಮಾದಿಗ ಮೂಲದ ಕ್ರೈಸ್ತ ಮನೆಗಳಲ್ಲಿ ಜ್ಞಾನಸ್ನಾನದ ದಫ್ತರದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಧರ್ಮ ಇರುವುದು ಅಪರೂಪವಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಒಂದು ಮೊಕದ್ದಮೆಯಲ್ಲಿ, ಕ್ರೈಸ್ತ ಧರ್ಮವನ್ನು ಪಾಲಿಸುತ್ತ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ನೀತಿಶಾಸ್ತ್ರದ ತೀರ್ಪೂ ಇದೇ ಆಗಬೇಕೆ?

ಧರ್ಮೋಪದೇಶ ಗ್ರಂಥದ 2483ನೆಯ ಕಂಡಿಕೆಯ ಮೊದಲ ಪಾಠವು, ಸತ್ಯವನ್ನು ತಿಳಿಯುವ ಹಕ್ಕುಳ್ಳವರನ್ನು ದಾರಿತಪ್ಪಿಸಲು ಸತ್ಯಕ್ಕೆ ವಿರುದ್ಧವಾಗಿ ಮಾತಾಡುವುದು ಸುಳ್ಳು ಎಂದು ಅರ್ಥ ಕೊಟ್ಟಿತ್ತು. 1997ರ ಪರಿಷ್ಕಾರದಲ್ಲಿ ಹಕ್ಕಿನ ಆ ಷರತ್ತನ್ನು ಕೈಬಿಟ್ಟರು. ಯಾರನ್ನು ದಾರಿತಪ್ಪಿಸಿದರೂ ಸುಳ್ಳು ಸುಳ್ಳೇ ಆಯಿತು. ಸಂತ ಅಗಸ್ಟೀನರ ಕಟ್ಟುನಿಟ್ಟಿಗೆ ಇದು ಹತ್ತಿರವಾದ ಪಾಠ, ತಾತ್ವಿಕವಾಗಿ ಹೆಚ್ಚು ಅಚ್ಚುಕಟ್ಟಾದದ್ದೂ ಹೌದು. ಆದರೆ ಇದೇ ಪರಂಪರೆ ಹಸಿವಿನ ವಿಷಯದಲ್ಲಿ ಬೇರೆಯೇ ಮಾತಾಡುತ್ತದೆ: ಪ್ರಾಣಕ್ಕೆ ಸಂಚಕಾರ ಬಂದಾಗ ಬೇರೊಬ್ಬರ ರೊಟ್ಟಿ ತೆಗೆದುಕೊಂಡವನು ಕಳ್ಳನಲ್ಲ, ಸಂಪತ್ತು ಎಲ್ಲರಿಗಾಗಿ ಇರುವುದರಿಂದ ಅವನು ತನ್ನ ಪಾಲನ್ನೇ ತೆಗೆದುಕೊಂಡಿದ್ದಾನೆ ಎಂದು ಅಕ್ವಿನಾಸ್ ಹೇಳಿದ್ದನ್ನು ಮಹಾಸಭೆಯೂ ಧರ್ಮೋಪದೇಶವೂ ಒಪ್ಪಿವೆ. ರೊಟ್ಟಿಯ ವಿಷಯದಲ್ಲಿ ಅಗತ್ಯದ ಸಿದ್ಧಾಂತವನ್ನು ಕಟ್ಟಿದ ಬುದ್ಧಿ ಹಾಳೆಯ ವಿಷಯದಲ್ಲಿ ಅದನ್ನು ಕಟ್ಟಲಿಲ್ಲ. ಮೀಸಲಾತಿಯೆಂಬುದು ತಲೆಮಾರುಗಳಿಂದ ಕಸಿದುಕೊಂಡದ್ದರಲ್ಲಿ ಒಂದು ಪಾಲನ್ನು ಹಿಂದಿರುಗಿಸುವ ವ್ಯವಸ್ಥೆಯಾಗಿರುವಾಗ, ಜ್ಞಾನಸ್ನಾನದಿಂದ ಕೇರಿ ಬದಲಾಗದ ತಾಯಿ ಮಗುವಿನ ಅರ್ಜಿಯಲ್ಲಿ ಬರೆಯುವ ಪದವನ್ನು ರೊಟ್ಟಿಯ ಪಕ್ಕದಲ್ಲಿಟ್ಟು ತೂಗಬೇಕಿತ್ತು. ಸುಳ್ಳಿನ ಗುರುತ್ವವನ್ನು ಅದರಿಂದ ಯಾರಿಗೆ ಎಷ್ಟು ಹಾನಿಯಾಯಿತೆಂದು ನೋಡಿ ಅಳೆಯಬೇಕೆನ್ನುವ 2484ನೆಯ ಕಂಡಿಕೆ ಸ್ವಲ್ಪ ಬಾಗಿಲು ತೆರೆಯುತ್ತದೆಯಾದರೂ, ಆ ಬಾಗಿಲಿನಿಂದ ಒಳಬರುವವಳು ತಪ್ಪಿತಸ್ಥಳಾಗಿಯೇ ಬರಬೇಕು.

ಬೋಧೆಗೆ ಇದನ್ನು ದಾಟುವ ಒಂದು ದಾರಿ ಇಲ್ಲದಿಲ್ಲ. 1987ರ ಸೊಲ್ಲಿಚಿತೂದೊ ರೇಯಿ ಸೋಚಿಯಾಲಿಸ್ ಪತ್ರವು ಪಾಪದ ರಚನೆಗಳು ಎಂಬ ಪರಿಕಲ್ಪನೆಯನ್ನು ಬೆಳೆಸಿ, ಜನರ ಸ್ವಾರ್ಥದ ಕೃತ್ಯಗಳು ಕೂಡಿ ಗಟ್ಟಿಯಾಗಿ ವ್ಯವಸ್ಥೆಗಳಾಗಿ ನಿಲ್ಲುತ್ತವೆ, ಅವು ಮುಂದಿನವರನ್ನೂ ಪಾಪಕ್ಕೆ ತಳ್ಳುತ್ತವೆ ಎಂದಿತು. ಅದಕ್ಕೆ ಮದ್ದು ಐಕ್ಯಭಾವ, ಅಂದರೆ ಎಲ್ಲರ ಹಿತಕ್ಕಾಗಿ ಕಟ್ಟಿಕೊಳ್ಳುವ ದೃಢ ಸಂಕಲ್ಪ. ಹಿರಿಯ ಸಂಸ್ಥೆ ಕಿರಿಯದರ ಕೆಲಸವನ್ನು ಕಸಿಯಬಾರದು, ಅದು ಸೋತಲ್ಲಿ ಮಾತ್ರ ನೆರವಾಗಬೇಕು ಎಂಬ ಪೂರಕತೆಯ ತತ್ವವೂ ಸಂಗ್ರಹದಲ್ಲಿದೆ, ಗ್ರಾಮ ಪಂಚಾಯಿತಿಯನ್ನು ಕಂಡವರಿಗೆ ಅದರ ವಿವರಣೆ ಬೇಕಿಲ್ಲ. ತೊಡಕಿರುವುದು ಆಚರಣೆಯಲ್ಲಿ. ವೈಯಕ್ತಿಕ ಪಾಪಕ್ಕೆ ಆತ್ಮಶೋಧನೆ, ನಿವೇದನೆ, ಪ್ರಾಯಶ್ಚಿತ್ತ ಎಂಬ ಪಕ್ಕಾ ವಿಧಿಯಿದೆ. ಪಾಪದ ರಚನೆಗೆ ನಿವೇದನೆಯ ಪೀಠವಿಲ್ಲ, ವಿಧಿಸಬೇಕಾದ ಪ್ರಾಯಶ್ಚಿತ್ತವನ್ನು ಯಾವ ಗ್ರಂಥವೂ ಹೇಳುವುದಿಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣ ನೀತಿಯನ್ನು ಹೊರಡಿಸಿ, ಧರ್ಮಸಭೆಯೊಳಗೇ ಅಸ್ಪೃಶ್ಯತೆ ನಡೆದಿರುವುದನ್ನು ಒಪ್ಪಿಕೊಂಡದ್ದು ಅಂಥ ನಿವೇದನೆಯ ಮೊದಲ ಹೆಜ್ಜೆ. ಅದರ ಮುಂದಿನ ಹೆಜ್ಜೆಗಳು ಧರ್ಮಕೇಂದ್ರದ ಸಮಿತಿಯಲ್ಲಿ ಯಾರು ಕೂರುತ್ತಾರೆ, ಧರ್ಮಸಭೆಯ ಶಾಲೆಯಲ್ಲಿ ಯಾರ ಮಕ್ಕಳಿಗೆ ಸೀಟು ಸಿಗುತ್ತದೆ, ಆ ಶಾಲೆಯ ಆಯಾ ಮತ್ತು ಕಾವಲುಗಾರರಿಗೆ ಎಷ್ಟು ಸಂಬಳ ಎಂಬ ಲೆಕ್ಕದಲ್ಲಿ ಕಾಣಬೇಕು.

ಬೋಧೆ ಬದಲಾಗದು ಎಂಬ ಸಮಜಾಯಿಷಿಗೆ ಈಗ ಆಸ್ಪದವಿಲ್ಲ. ಮರಣದಂಡನೆಯನ್ನು ಕೆಲವು ಸಂದರ್ಭಗಳಲ್ಲಿ ಒಪ್ಪಿದ್ದ 2267ನೆಯ ಕಂಡಿಕೆಯನ್ನು ಪೋಪ್ ಫ್ರಾನ್ಸಿಸ್ 2018ರಲ್ಲಿ ಮನುಷ್ಯಘನತೆಯ ಹೆಸರಿನಲ್ಲೇ ತಿದ್ದಿ ಬರೆಯಿಸಿದರು. ಸುಳ್ಳನ್ನು ಕುರಿತ 2483ನೆಯ ಕಂಡಿಕೆ ಮಾತ್ರ 1997ರಲ್ಲಿ ಹೇಗಿತ್ತೋ ಹಾಗೆಯೇ ಇದೆ.