ಪರಮತದ ಪಾಠ: ಎರಡು ಹಳೆಯ ಮಾದರಿಗಳು

ಮಕ್ಕಳಿಗೆ ನಾನಾ ಮತಗಳ ವಿಚಾರವನ್ನು ಶಾಲೆಯಲ್ಲಿ ತಿಳಿಸಬಹುದೇ ಎಂಬ ಚರ್ಚೆ ಹಳೆಯದು. ಪೂರ್ತಿಯಾಗಿ ಸರ್ಕಾರದ ದ್ರವ್ಯದಿಂದಲೇ ನಡೆಯುವ ಶಾಲೆಗಳಲ್ಲಿ ಮತಬೋಧೆ ಕೂಡದೆಂದು ಸಂವಿಧಾನದ 28ನೆಯ ಅನುಚ್ಛೇದವು ವಿಧಿಸಿದೆ. ಮತವನ್ನು ಬೋಧಿಸುವುದು ಬೇರೆ, ಮತಗಳ ವಿಷಯವನ್ನು ತಿಳಿಸುವುದು ಬೇರೆ ಎಂದು 1964-66ರ ಕೊಠಾರಿ ಆಯೋಗವು ವಿವೇಚಿಸಿತು. ಎರಡನೆಯದಕ್ಕೆ ಸಂವಿಧಾನದ ಅಡ್ಡಿಯಿಲ್ಲವೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ತೀರ್ಪಿತ್ತಿತು. ಹೀಗಿರಲು, ಹೇಗೆ ತಿಳಿಸಬೇಕೆಂಬುದೇ ಉಳಿದಿರುವ ಪ್ರಶ್ನೆ.

ಈ ಪ್ರಶ್ನೆಯು ನನಗೆ ಗ್ರಂಥದಿಂದ ಹುಟ್ಟಿದ್ದಲ್ಲ. ಉಪಾಧ್ಯಾಯನಾಗಿದ್ದಾಗ ಒಮ್ಮೆ ತರಗತಿಯಲ್ಲಿ, ಪೈಗಂಬರರು ಮುಸಲ್ಮಾನರ ಅವತಾರಪುರುಷರೆಂದು ಸದ್ಭಾವದಿಂದಲೇ ಹೇಳಿದೆನು. ಒಬ್ಬ ಹುಡುಗನು ಎದ್ದು, “ಮೇಷ್ಟ್ರೇ, ನಾವು ಅವರನ್ನು ಪೂಜಿಸುವುದಿಲ್ಲ. ಅವರು ಮನುಷ್ಯರು, ಅಲ್ಲಾಹನ ದೂತರು” ಎಂದನು. ನಾನು ಅವನನ್ನು ಕುಳಿತುಕೊಳ್ಳಹೇಳಿ ಪಾಠವನ್ನು ಮುಂದುವರಿಸಿದೆನು. ಅವನ ಮನೆಯ ನಂಬಿಕೆಯನ್ನು ನನ್ನ ಮನೆಯ ಮಾತಿನಲ್ಲಿ ಅಳೆದಿದ್ದೆನೆಂಬುದು ಆಮೇಲೆ ಹೊಳೆಯಿತು.

ಆ ಬಳಿಕ, ಪಾಠಶಾಲೆಯಲ್ಲಿ ಓದಿದ್ದ ಎರಡು ಗ್ರಂಥಗಳನ್ನು ಮತ್ತೆ ತೆರೆದೆನು. ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ವು ಚಾರ್ವಾಕನಿಂದ ಮೊದಲಾಗುತ್ತದೆ. ವೇದವನ್ನೇ ಹಳಿಯುವ ಆತನ ವಾದವನ್ನೂ ಗ್ರಂಥಕಾರನು ದುರ್ಬಲಗೊಳಿಸದೆ ನಿರೂಪಿಸಿದ್ದಾನೆ. ಪೂರ್ವಪಕ್ಷಕ್ಕೆ ಸಲ್ಲಬೇಕಾದ ಮರ್ಯಾದೆ ಇದು. ಆದರೆ ಇಲ್ಲಿ ದರ್ಶನಗಳನ್ನು ಸೋಪಾನದಂತೆ ಜೋಡಿಸಿದೆ. ಹಿಂದಿನದನ್ನು ಖಂಡಿಸುತ್ತ ಮುಂದಿನದು ಏರುತ್ತದೆ, ಶಾಂಕರದರ್ಶನವು ಶಿಖರದಲ್ಲಿದೆ. ಪಂಡಿತರ ಸಭೆಗೆ ಈ ಕ್ರಮವು ಭೂಷಣವೇ ಸರಿ. ತನ್ನ ತಂದೆತಾಯಿಗಳ ಮತವು ಕೆಳಗಿನ ಮೆಟ್ಟಿಲೆಂದು ಕೇಳುವ ಹತ್ತು ವರ್ಷದ ಬಾಲಕನಿಗೆ ಅದು ನೋವು.

ಎಂಟನೆಯ ಶತಮಾನದ ಹರಿಭದ್ರಸೂರಿಯ ‘ಷಡ್ದರ್ಶನಸಮುಚ್ಚಯ’ದ ರೀತಿ ಬೇರೆ. ಆತನು ಜೈನಾಚಾರ್ಯ, ಜಿನನಿಗೆ ನಮಿಸಿಯೇ ಆರಂಭಿಸುತ್ತಾನೆ. ಆದರೂ ಮೊದಲು ಹೇಳುವುದು ಬೌದ್ಧಮತವನ್ನು. ತನ್ನದನ್ನು ನಾಲ್ಕನೆಯದಾಗಿ ಇರಿಸುತ್ತಾನೆ. ಯಾರ ದೈವ ಯಾವುದು, ತತ್ತ್ವಗಳೆಷ್ಟು, ಪ್ರಮಾಣಗಳಾವುವು ಎಂದು ಹೇಳುತ್ತಾನೆ, ಖಂಡನೆಗೆ ಕೈಹಾಕುವುದಿಲ್ಲ. ತನ್ನ ಶ್ರದ್ಧೆಯನ್ನು ಮರೆಮಾಚದೆಯೂ ಪರಮತಕ್ಕೆ ನ್ಯಾಯ ಸಲ್ಲಿಸಬಹುದೆಂಬುದಕ್ಕೆ ಇದೇ ಸಾಕ್ಷಿ. ಇದರ ಕೊರತೆಯೆಂದರೆ ಶುಷ್ಕತೆ. ಸಿದ್ಧಾಂತವುಂಟು, ಜನರಿಲ್ಲ. ಉಪವಾಸ, ಹಬ್ಬ, ಮದುವೆ, ಮರಣ ಇವುಗಳಲ್ಲಿಯೇ ಮತವನ್ನು ಕಾಣುವ ಮಕ್ಕಳಿಗೆ ಇಷ್ಟೇ ಸಾಲದು.

ಈಚಿನ ಪಾಠಗಳಲ್ಲಿ ಮತ್ತೊಂದು ದೋಷ ಕಾಣುತ್ತದೆ. ಸ್ಥಾಪಕರ ಹೆಸರು, ಗ್ರಂಥದ ಹೆಸರು, ಎರಡು ಹಬ್ಬ. ಕೊನೆಗೆ ‘ಎಲ್ಲ ಮತಗಳೂ ಒಂದನ್ನೇ ಹೇಳುತ್ತವೆ’ ಎಂಬ ಸಮಾಪ್ತಿ. ಉದ್ದೇಶವು ಒಳ್ಳೆಯದೇ. ಆದರೆ ಜೈನರು ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ಕ್ರೈಸ್ತರು ಯೇಸುವನ್ನು ದೇವಪುತ್ರನೆಂದು ನಂಬುತ್ತಾರೆ. ಮುಸಲ್ಮಾನರು ಅದನ್ನು ಒಪ್ಪರು. ಭೇದವನ್ನು ಅರಿಯದವನ ಗೌರವವು ಮೊದಲ ಭೇದ ಎದುರಾದಾಗಲೇ ಕುಸಿಯುತ್ತದೆ. ನೆರೆಯವನು ತನ್ನಂತಿಲ್ಲವೆಂದು ತಿಳಿದೂ ಅವನೊಡನೆ ಬಾಳುವುದನ್ನಲ್ಲವೇ ಶಾಲೆಯು ಕಲಿಸಬೇಕಾದದ್ದು?

ಆದಕಾರಣ ಪಾಠ ಬರೆಯುವವರಿಗೆ ನನ್ನ ವಿಜ್ಞಾಪನೆ ಇಷ್ಟೇ. ಬರೆದುದನ್ನು ಆಯಾ ಮತದ ಒಂದು ಮನೆಯಲ್ಲಿ ಓದಿ ತೋರಿಸಿರಿ. “ಅಹುದು, ಇದು ನಮ್ಮದೇ” ಎಂದು ಅವರು ಹೇಳಿದರೆ ಮಾತ್ರ ಅಚ್ಚಿಗೆ ಕೊಡಿರಿ. ಅಂದು ಆ ಹುಡುಗನಿಗೆ “ನೀನೇ ಹೇಳಪ್ಪ” ಎಂದಿದ್ದರೆ ನನ್ನ ಪಾಠವು ಶುದ್ಧವಾಗುತ್ತಿತ್ತು.